ಗ್ಲಾಸಿನಲ್ಲಿ ನಿಜವಾದ ಬ್ರಾಂದಿ

ನಾನು ಕಾಸರಗೋಡಿನವಳು, ಕನ್ನಡ ಮಲಯಾಳ ಎರಡೂ ಬರುತ್ತವೆ. ಗಂಡನಿಗೆ ಕೊಚ್ಚಿಗೆ ವರ್ಗವಾಗಿ ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿದ ಮೇಲೆ ನನಗೆ ಡಬ್ಬಿಂಗ್ ಕೆಲಸ ಸಿಕ್ಕಿತು. ಅದೊಂದು ಮಲಯಾಳ ಟಿವಿ ಹಾಸ್ಯ ಧಾರಾವಾಹಿ. ಕುಡಿತ ಬಿಟ್ಟು ತಂಗಿಯ ಮನೆ ಸೇರಿದ ಮಾಜಿ ಸಿನಿಮಾ ನಟಿಯ ಪಡಿಪಾಟಲು. ಕನ್ನಡದಲ್ಲಿ ಅವಳಿಗೆ ನನ್ನ ದನಿ.

ಆ ಪಾತ್ರ ಮಾಡುತ್ತಿದ್ದ ನಟಿಯನ್ನು ನಾವೆಲ್ಲ ಚೇಚ್ಚಿ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಅವರು ನಿಜವಾಗಿಯೂ ಕುಡಿತದಿಂದ ಆಸ್ಪತ್ರೆ ಸೇರಿ ಎದ್ದು ಬಂದವರು. ಅದು ಯೂನಿಟ್ಟಿನವರಿಗೆಲ್ಲ ಗೊತ್ತಿತ್ತು.

ಕನ್ನಡದ ಜಾಹೀರಾತಿಗೆ ನಾಲ್ಕು ಮಾತು ಅವರಿಗೆ ಹೇಳಿಕೊಡಲು ನನ್ನನ್ನು ತಿರುವನಂತಪುರಕ್ಕೆ ಕರೆಸಿದ್ದರು. ಕಳಕ್ಕೂಟಂ ಹತ್ತಿರದ ಬಾಡಿಗೆ ಮನೆಯಲ್ಲಿ ಶೂಟಿಂಗ್. ಆ ಪಾತ್ರದ ಮಾಜಿ ಗಂಡ ಬಂದು ಕುಡಿಯೆಂದು ಪೀಡಿಸುವುದು, ಇವಳು ಗ್ಲಾಸನ್ನು ಅವನ ತಲೆಯ ಮೇಲೆ ಬಗ್ಗಿಸುವುದು, ಇಷ್ಟೇ ದೃಶ್ಯ. ರಿಹರ್ಸಲ್‌ನಲ್ಲಿ ಗ್ಲಾಸಿನಲ್ಲಿ ಕಟ್ಟನ್ ಚಾಯ, ಹಾಲಿಲ್ಲದ ಚಹಾ, ಇತ್ತು.

ಟೇಕ್‌ನಲ್ಲಿ ಗ್ಲಾಸು ಮೂಗಿನ ಹತ್ತಿರ ಬಂದದ್ದೇ ಚೇಚ್ಚಿ ಮುಖ ತಿರುಗಿಸಿದರು. ಗಂಡನ ಪಾತ್ರದ ನಟ ಬಿಡಲಿಲ್ಲ. ದವಡೆ ಅಮುಕಿ ಹಿಡಿದು ಬಾಯಿಗೆ ಸುರಿದ. ಅವರು ಅವನ ಹೆಬ್ಬೆರಳನ್ನು ರಕ್ತ ಬರುವ ಹಾಗೆ ಕಚ್ಚಿದರು. ಅವನು ಕೆನ್ನೆಗೆ ಬಾರಿಸಿದ. ಅವರು ಬಿದ್ದು ಟೀಪಾಯಿಯ ಮೂಲೆಗೆ ಹುಬ್ಬು ಬಡಿದು ಒಡೆಯಿತು. ಅಷ್ಟಕ್ಕೂ ನಿರ್ದೇಶಕ ಕಟ್ ಹೇಳಲಿಲ್ಲ. ಮಾನಿಟರ್ ನೋಡುತ್ತಾ ಕೂತೇ ಇದ್ದ.

ಬಿದ್ದವರನ್ನು ಒದೆಯಲು ನಟ ಕಾಲೆತ್ತಿದ. ನನ್ನ ಕೈಗೆ ಸಿಕ್ಕಿದ್ದು ಚಹಾದ ಫ್ಲಾಸ್ಕ್. ಅದರಿಂದ ಅವನ ಮೊಣಕಾಲಿಗೆ ಬಲವಾಗಿ ಹೊಡೆದೆ. ಅವನು ಕುಸಿದು ಕೂತ. ನಾನು ಅದುವರೆಗೆ ಯಾರಿಗೂ ಕೈ ಎತ್ತಿದವಳಲ್ಲ. ಇನ್ನೊಂದು ಏಟು ಕೊಡಬೇಕೆನ್ನಿಸಿದ್ದು ನೆನೆದರೆ ಈಗಲೂ ನನಗೇ ಭಯವಾಗುತ್ತದೆ.

ಚೇಚ್ಚಿ ಬಚ್ಚಲಿಗೆ ಓಡಿ, ಗಂಟಲಿಗೆ ಬೆರಳು ಹಾಕಿ, ಖಾಲಿ ಹೊಟ್ಟೆಯಿಂದ ಹಳದಿ ನೀರು ಬರುವವರೆಗೆ ವಾಂತಿ ಮಾಡಿದರು. ನಾನು ಅವರ ಹುಬ್ಬಿಗೆ ಟವೆಲ್ ಒತ್ತಿಕೊಂಡು ನಿಂತೆ. ನಿರ್ದೇಶಕ ಬಾಗಿಲಿಗೆ ಬಂದು, ವಾಸನೆ ನಿಜವಾಗಿದ್ದರೆ ಮುಖದಲ್ಲಿ ಭಾವ ನಿಜವಾಗಿ ಬರುತ್ತದೆಂದು ಸ್ವಲ್ಪವೇ ಬ್ರಾಂದಿ ಹಾಕಿಸಿದ್ದೆ, ಬಾಯಿಗೆ ಸುರಿಯೆಂದು ನಾನೇನೂ ಹೇಳಿರಲಿಲ್ಲ ಎಂದ.

ಚೇಚ್ಚಿ ಅವನತ್ತ ತಿರುಗಲಿಲ್ಲ. "ಮಗಳೇ, ನಾಲಗೆಗೆ ಅದು ಹಿತವಾಯಿತು. ನನ್ನನ್ನು ಇವತ್ತು ಒಂಟಿಯಾಗಿ ಬಿಡಬೇಡ," ಎಂದರು.

ನಾನು ಬಿಡಲಿಲ್ಲ. ಹುಬ್ಬಿಗೆ ಹೊಲಿಗೆ ಹಾಕಿಸಿ, ಸ್ಟೇಷನ್ನಿನಲ್ಲಿ ದೂರು ಕೊಟ್ಟು, ಅವರನ್ನು ರೈಲಿನಲ್ಲಿ ನಮ್ಮ ಮನೆಗೇ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಅವರು ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಉಗುರಿನ ಗುರುತು ಮೂಡಿತ್ತು.

ಧಾರಾವಾಹಿ ನಿಂತಿತು, ನನ್ನ ಕೆಲಸವೂ ಹೋಯಿತು. ನಟನ ಮೇಲಿನ ಕೇಸು ಇನ್ನೂ ಎಳೆಯುತ್ತಿದೆ. ನಿರ್ದೇಶಕ ಬೇರೆ ಹಾಸ್ಯ ಧಾರಾವಾಹಿ ಮಾಡುತ್ತಿದ್ದಾನೆ. ಚೇಚ್ಚಿ ಮತ್ತೆ ಕುಡಿದಿಲ್ಲ. ಮೊನ್ನೆ ಊಟಕ್ಕೆ ಬಂದಿದ್ದರು. ಮೀನು ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ನನ್ನನ್ನು ಗದರಿಸಿ, ಎರಡು ಸಲ ಬಡಿಸಿಕೊಂಡರು.