ಸುವೈಕ್‌ನಲ್ಲಿ ಸಿಕ್ಕ ಡೋಡೊಗಳು

ಶುಕ್ರವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಕೊಲ್ಲಿ ದೇಶದಲ್ಲಿ ನಾವಿದ್ದ ಬಡಾವಣೆ ವಾದಿ ಕಬೀರ್‌ನಿಂದ ಹೊರಟೆವು. ಕಾರು ಓಡಿಸುತ್ತಿದ್ದವರು ನನ್ನ ಯಜಮಾನರು ರಘು. ಹುಡುಕಲು ಹೊರಟದ್ದು ಫ್ರೇಮ್ ಹಾಕುವ ಫೆಲಿಕ್ಸರನ್ನು, ಅವರ ಬಳಿ ಉಳಿದಿದ್ದ ನಾಲ್ಕು ಡೋಡೊ ಚಿತ್ರಗಳನ್ನು.

ಚಿತ್ರಗಳು ನನ್ನವಲ್ಲ. ರಘು ಆಫೀಸಿನ ಡಚ್ ಎಂಜಿನಿಯರರ ಹೆಂಡತಿ ಅನ್ನಾ ಅವರವು. ಈಗ ಲೋಕದಲ್ಲೇ ಇಲ್ಲದ ಆ ಹಾರದ ಹಕ್ಕಿಯನ್ನು ಯುರೋಪಿನವರು ಮೊದಮೊದಲು ಬಿಡಿಸಿದ ಚಿತ್ರಗಳ ಹಳೆಯ ಅಚ್ಚುಗಳು. ಅನ್ನಾ ಅವರ ತಂದೆ ಜೀವಮಾನವಿಡೀ ಜೋಪಾನ ಮಾಡಿದ್ದಂಥವು. ನಾನು ಡ್ರಾಯಿಂಗ್ ಕಲಿಸುವ ಶಾಲೆಯ ಪ್ರದರ್ಶನಕ್ಕೆ ಅನ್ನಾ ಕೊಟ್ಟಿದ್ದರು. ಅದು ಮುಗಿದ ಮೇಲೆ, ಪ್ರಯಾಣದಲ್ಲಿ ಮಡಚದಂತೆ ಗಟ್ಟಿ ರಟ್ಟು ಹಾಕಿಸಲು ಫೆಲಿಕ್ಸರಿಗೆ ಒಪ್ಪಿಸಿದ್ದೆ. ತೈಲದ ಬೆಲೆ ಬಿದ್ದು ಪರಿಚಯದವರೆಲ್ಲ ಒಬ್ಬೊಬ್ಬರಾಗಿ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲ. ಅನ್ನಾರ ಗಂಡನ ಸರದಿಯೂ ಬಂದು ಶನಿವಾರವೇ ಅವರು ಊರಿಗೆ ಮರಳುವ ವಿಮಾನ. ಅಷ್ಟರಲ್ಲಿ ಫೆಲಿಕ್ಸ್ ಕೆಲಸ ಮಾಡುತ್ತಿದ್ದ ಅಂಗಡಿಗೆ ಬೀಗ ಬಿದ್ದಿತ್ತು, ಫೋನೂ ಬಂದ್. ಪಕ್ಕದ ಚಹಾದಂಗಡಿಯ ಮಲಯಾಳಿ "ಫೆಲಿಕ್ಸ್ ಭಾಯಿ ಬರ್ಕಾ ಗಯಾ" ಎಂದಷ್ಟೇ ಹೇಳಿದ್ದ.

ಬರ್ಕಾಕ್ಕೆ ಎಂಬತ್ತು ಕಿಲೋಮೀಟರ್ ಇರಬಹುದು. ದಾರಿಯುದ್ದಕ್ಕೂ ರಘು 'ಬಾಡಿಗೆಗಿದೆ' ಎಂಬ ಬೋರ್ಡುಗಳನ್ನೇ ಎಣಿಸುತ್ತಿದ್ದರು. ಅವರ ಕಾಂಟ್ರ್ಯಾಕ್ಟೂ ತೂಗುಯ್ಯಾಲೆಯಲ್ಲಿತ್ತು. ಮಾರುಕಟ್ಟೆಯಲ್ಲಿ ವಿಚಾರಿಸುತ್ತ ಹೋದಾಗ ಉಡುಪಿಯ ತರಕಾರಿ ವ್ಯಾಪಾರಿಯೊಬ್ಬರು ಸಿಕ್ಕರು.

"ಫೆಲಿಕ್ಸಾ? ನಮ್ಮ ರೂಮಿನಲ್ಲೇ ಇದ್ರು. ಈಗ ಸುವೈಕ್‌ನಲ್ಲಿ, ಭಾವನ ಬಡಗಿ ವರ್ಕ್‌ಶಾಪಲ್ಲಿ."

"ಅವರ ಹತ್ರ ಚಿತ್ರಗಳೇನಾದ್ರೂ ಇದ್ವಾ?"

"ಅದು ನಾನು ನೋಡ್ಲಿಲ್ಲ ಮಾರಾಯ್ರೆ."

ಅದೇ ರಸ್ತೆಯಲ್ಲಿ ಇನ್ನೂ ಮುಂದಕ್ಕೆ ಹೊರಟೆವು.

ಸುವೈಕ್ ತಲುಪಿದಾಗ ನಮಾಜಿನ ಹೊತ್ತು, ಬೀದಿಯೆಲ್ಲ ಮುಚ್ಚಿತ್ತು. ಸಮುದ್ರದ ಕಡೆಯಿಂದ ಬಿಸಿ, ಜಿಗುಟು ಗಾಳಿ. ಕಾರಿನಲ್ಲೇ ಕೂತು ಬಿಸ್ಕೆಟ್ ತಿಂದೆವು. ಕೊನೆಗೆ ವರ್ಕ್‌ಶಾಪಿನ ಶಟರ್ ಎದ್ದಿತು. ತಲೆತುಂಬ ಮರದ ಹೊಟ್ಟು ಹೊತ್ತು ಫೆಲಿಕ್ಸ್ ಹೊರಬಂದರು.

"ಟೀಚರ್! ದೇವರೇ, ನೀವೇ ಬಂದ್ರಾ!" ಅವರ ಕಣ್ಣು ತುಂಬಿತು. "ಧಣಿ ಒಂದೇ ಮಾತಲ್ಲಿ ಖಲಾಸ್, ಕೆಲಸ ಮುಗೀತು ಅಂದ. ಅಂಗಡಿಯ ಫೋನೂ ಕಿತ್ಕೊಂಡ. ನಿಮ್ಮ ನಂಬರ್ ಅದ್ರಲ್ಲೇ ಇತ್ತು. ಯಾರನ್ನು ಕೇಳುವುದು?"

"ಚಿತ್ರಗಳು?"

"ನನ್ನ ಬಟ್ಟೆಬರೆ ಅಲ್ಲೇ ಉಳೀತು. ಇವನ್ನು ಮಾತ್ರ ತೊಡೆ ಮೇಲೆ ಇಟ್ಕೊಂಡು ಬಂದೆ."

ನಮ್ಮನ್ನು ಒಳಗೆ ಕರೆದೊಯ್ದು, ತಮ್ಮ ಹಾಸಿಗೆಯ ಕೆಳಗಿಂದ ರಟ್ಟಿನ ಕಟ್ಟು ತೆಗೆದರು. ಒಂದು ಗೆರೆಯೂ ಮಾಸಿರಲಿಲ್ಲ. ನಾನು ಅವನ್ನು ಮರದ ಹಲಗೆಯ ಮೇಲೆ ಒಂದೊಂದಾಗಿ ಹರಡಿದೆ.

ಮೊದಲನೆಯದು ಆ ಹಕ್ಕಿಯಿದ್ದ ದ್ವೀಪಕ್ಕೇ ಹೋಗಿ ಅದನ್ನು ಕಂಡ ನಾವಿಕ ಬಿಡಿಸಿದ್ದು: ಬಡಕಲು, ಚುರುಕು, ಕಾಲೆತ್ತಿ ನಡೆಯುತ್ತಿದೆ. ಉಳಿದವು ಯುರೋಪಿನ ತಮ್ಮ ಊರಲ್ಲೇ ಕೂತ ಚಿತ್ರಕಾರರು ಒಬ್ಬರದನ್ನೊಬ್ಬರು ನೋಡಿ ಬಿಡಿಸಿದವು. ಹಕ್ಕಿಗೆ ಹೊಟ್ಟೆ ಬರುತ್ತ ಹೋಗಿದೆ.

"ಇದಕ್ಕೆ ಎರಡೂ ಎಡಗಾಲು, ನೋಡಿ" ಎಂದು ಕೊನೆಯದನ್ನು ತೋರಿಸಿದೆ.

ರಘು ಬಗ್ಗಿ ನೋಡಿದರು. "ಅಯ್ಯೋ, ಹೌದಲ್ವೇ! ಹಕ್ಕಿಯನ್ನು ನೋಡಿದ್ನೋ ಇಲ್ವೋ ಪುಣ್ಯಾತ್ಮ!" ಎಂದು ಗಟ್ಟಿಯಾಗಿ ನಕ್ಕರು. ಫೆಲಿಕ್ಸರೂ ನಕ್ಕರು. ರಘು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಹೊರಡುವಾಗ ನಮ್ಮ ನಂಬರನ್ನು ಫೆಲಿಕ್ಸ್ ವರ್ಕ್‌ಶಾಪಿನ ಗೋಡೆಯ ಮೇಲೇ ಬರೆದುಕೊಂಡರು.

ಸಂಜೆ ಅನ್ನಾರ ಖಾಲಿ ಮನೆಯ ನೆಲದ ಮೇಲೆ ಕಟ್ಟು ಬಿಚ್ಚಿದೆವು. ಆಕೆ ನನ್ನ ಕೈ ಹಿಡಿದರು. ಆಮೇಲೆ ಊರಿಗೆ ಫೋನ್ ಹಚ್ಚಿ, "ಅಪ್ಪ ದಿನಾ ಕೇಳ್ತಿದ್ದಾರೆ, ನೀವೇ ಹೇಳಿ" ಎಂದು ನನ್ನ ಕೈಗಿತ್ತರು.

"ನಾಲ್ಕೂ ಕ್ಷೇಮವಾಗಿವೆ" ಎಂದೆ.

ಆ ಕಡೆಯಿಂದ ದೀರ್ಘವಾದ ಉಸಿರು ಕೇಳಿಸಿತು. ಬಳಿಕ ಮುದುಕರ ಪ್ರಶ್ನೆ: "ಮಕ್ಕಳಿಗೆ ಯಾವುದು ಇಷ್ಟವಾಯಿತು? ದಪ್ಪನೆಯದೋ, ತೆಳ್ಳನೆಯದೋ?"

"ತೆಳ್ಳನೆಯದು."

"ಸರಿಯಾಗಿ ನೋಡಿದ್ದಾರೆ" ಎಂದರು.