ಗೋಡೆಗೆ ಸರ್ಟಿಫಿಕೇಟು, ಕೌಂಟರಿಗೆ ನಾನು

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಅಪ್ಪ ಸಾರಕ್ಕಿ ಮಾರ್ಕೆಟ್ಟಿನಲ್ಲಿ ತರಕಾರಿ ಮೂಟೆ ಇಳಿಸುತ್ತಿದ್ದರು. ಅಮ್ಮ ಜರಗನಹಳ್ಳಿಯ ಬಾಡಿಗೆ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದರು. ಬಿ.ಫಾರ್ಮ ಮುಗಿಸಿ ಫಾರ್ಮಸಿಸ್ಟ್ ಸರ್ಟಿಫಿಕೇಟು ತಂದ ದಿನ ಅಪ್ಪ ಸೋಪು ಹಾಕಿ ಕೈ ತೊಳೆದುಕೊಂಡು ಬಂದು ಅದನ್ನು ಮುಟ್ಟಿದರು.

ತೊಂಬತ್ತರ ದಶಕದ ಕೊನೆ. ಜೆ.ಪಿ. ನಗರದ ಒಂದು ಮೆಡಿಕಲ್ ಶಾಪಿಗೆ ಕೆಲಸ ಕೇಳಿಕೊಂಡು ಹೋದೆ. ಯಜಮಾನರಿಗೆ ಸರ್ಟಿಫಿಕೇಟು ನೋಡಿ ಖುಷಿಯಾಯಿತು, ನನ್ನನ್ನು ನೋಡಿ ಅಷ್ಟೇನೂ ಆಗಲಿಲ್ಲ.

"ಇದನ್ನ ಫ್ರೇಮ್ ಹಾಕ್ಸಿ ಇಲ್ಲಿ ನೇತುಹಾಕ್ತೀನಮ್ಮ. ತಿಂಗಳು ತಿಂಗಳು ಏನೋ ಕಳಿಸ್ತೀನಿ. ನೀನು ಆರಾಮಾಗಿ ಮನೇಲಿರು."

ಆಗ ಎಷ್ಟೋ ಅಂಗಡಿಗಳಲ್ಲಿ ಇದೇ ರೂಢಿ. ಫಾರ್ಮಸಿಸ್ಟ್ ಇಲ್ಲದೆ ಲೈಸೆನ್ಸ್ ಸಿಗುವುದಿಲ್ಲ. ಹಾಗಾಗಿ ಸರ್ಟಿಫಿಕೇಟು ಗೋಡೆಯ ಮೇಲೆ, ಓದಿದವರು ಇನ್ನೆಲ್ಲೋ.

"ಅದರ ಜೊತೆ ನಾನೂ ಬರ್ತೀನಿ ಸಾರ್. ಒಂದನ್ನ ಬಿಟ್ಟು ಇನ್ನೊಂದು ಸಿಗಲ್ಲ," ಎಂದೆ.

ಅವರು ನಕ್ಕರು. ಸರಿ, ನಿಂತು ನೋಡು ಎಂದರು. ನಿಂತೆ, ಆದರೆ ಕತ್ತರಿ ಮಾತ್ರ ಅವರ ಕೈಯಲ್ಲೇ. ಇಡೀ ಸ್ಟ್ರಿಪ್ ಕೊಳ್ಳುವವರು ಕಡಿಮೆ. ಬೇಕಾದಷ್ಟು ಮಾತ್ರೆ ಚಕಚಕ ಕತ್ತರಿಸಿ ಕೊಡುತ್ತಿದ್ದರು. ಹೆಸರು ಅಚ್ಚಾಗಿದ್ದ ತುಂಡು ಡಬ್ಬದಲ್ಲೇ ಉಳಿಯುತ್ತಿತ್ತು. ತಾವು ನುಂಗುವುದು ಏನೆಂದು ಜನಕ್ಕೆ ಬಣ್ಣದಿಂದಷ್ಟೇ ಗೊತ್ತು.

ಒಂದು ದಿನ ಮಧ್ಯಾಹ್ನ, ಊಟದ ಹೊತ್ತು ಹತ್ತಿರವಾಗುತ್ತಿರುವಾಗ, ನಮ್ಮ ಖಾಯಂ ಗಿರಾಕಿ ಒಬ್ಬ ಆಂಟಿ ಬಂದರು. ಬ್ಯಾಂಕಿನಿಂದ ರಿಟೈರ್ ಆಗಿದ್ದ ಅವರ ಗಂಡ, ಅಂಕಲ್, ಹೊರಗೆ ಹೊಂಗೆ ಮರದ ಕೆಳಗಿನ ಕಲ್ಲು ಬೆಂಚಿನ ಮೇಲೆ ಕುಳಿತರು.

"ಇವರ ಶುಗರ್ ಮಾತ್ರೆ ಕೊಡಿ. ತಲೆಸುತ್ತಿಗೂ ಏನಾದ್ರೂ ಕೊಡಿ. ಈಚೆಗೆ ಊಟದ ಹೊತ್ತು ಬಂದ್ರೆ ಸಾಕು, ಬೆವರ್ತಾರೆ, ಕೈ ನಡುಗುತ್ತೆ, ನನ್ನ ಮೇಲೆ ಹಾರಾಡ್ತಾರೆ."

"ಹಾರಾಟ ಮೊದ್ಲಿಂದ್ಲೂ ಇತ್ತಲ್ಲ ಮೇಡಂ," ಎಂದರು ಯಜಮಾನರು.

"ಅಯ್ಯೋ, ಇದು ಬೇರೆ ಥರದ್ದು."

ನನ್ನ ಕಿವಿ ನೆಟ್ಟಗಾಯಿತು. "ಆಂಟಿ, ಹೊಸದಾಗಿ ಏನಾದ್ರೂ ಮಾತ್ರೆ ತಗೋತಿದ್ದಾರಾ?"

ಅವರು ದನಿ ತಗ್ಗಿಸಿದರು. "ಸೊಸೆ ಜಯನಗರದಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿದ್ಲು. ಅವರೊಂದು ಬರ್ಕೊಟ್ರು. ಹಳೇ ಮಾತ್ರೆ ವಿಷಯ ಅವರಿಗೆ ಹೇಳ್ಲಿಲ್ಲ, ಅಲ್ಲಿಗೆ ಹೋಗಿದ್ದು ನಮ್ಮ ಡಾಕ್ಟರಿಗೆ ಹೇಳ್ಲಿಲ್ಲ. ಇಷ್ಟು ವರ್ಷ ಮನೆಯವರ ಥರ ನೋಡ್ಕೊಂಡಿದ್ದಾರೆ, ಬೇಜಾರ್ ಮಾಡ್ಕೊಳಲ್ವಾ?"

ಇಬ್ಬರಿಗೂ ಮರ್ಯಾದೆ ಕೊಡಲು ಇಬ್ಬರ ಮಾತ್ರೆಯನ್ನೂ ನುಂಗಿಸುತ್ತಿದ್ದರು! ಬ್ಯಾಗಿನಿಂದ ಹೊಸ ಮಾತ್ರೆ ತೆಗೆದುಕೊಟ್ಟರು. ಅದೂ ಕತ್ತರಿಸಿದ ತುಂಡೇ. ಬೆನ್ನ ಮೇಲೆ ಹೆಸರಿನ ಬಾಲ ಮಾತ್ರ. ಕಪಾಟಿಗೆ ಓಡಿದೆ. ಡಬ್ಬ ಮೇಲೆ ಡಬ್ಬ ಎಳೆದು, ಅದೇ ಬಣ್ಣದ ಇಡೀ ಸ್ಟ್ರಿಪ್ ಹುಡುಕಿ ಓದಿದೆ: ಗ್ಲಿಬೆನ್‌ಕ್ಲಮೈಡ್. ನಾವು ಕೊಡುತ್ತಿದ್ದ ಹಳೆಯದನ್ನು ಓದಿದೆ. ಗ್ಲಿಬೆನ್‌ಕ್ಲಮೈಡ್!

"ಸಾರ್, ಎರಡೂ ಒಂದೇ!" ಎಂದು ಕೂಗಿಯೇಬಿಟ್ಟೆ. "ಕಂಪನಿ ಬೇರೆ, ಔಷಧ ಒಂದೇ. ಎರಡರಷ್ಟು ಹೋಗ್ತಿದೆ. ಶುಗರ್ ಪೂರ್ತಿ ಇಳಿದುಹೋಗ್ತಿದೆ. ಇವರ ಹಳೇ ಡಾಕ್ಟರಿಗೆ ಫೋನ್ ಮಾಡಿ, ಬೇಗ!"

ಯಜಮಾನರಿಗೆ ನಾನು ಆರ್ಡರ್ ಮಾಡಿದ್ದು ಅದೇ ಮೊದಲು. ಅವರು ಫೋನ್ ತಿರುಗಿಸುತ್ತಿರುವಾಗಲೇ ನಾನು ಹೊರಗೋಡಿದೆ. ಬೆಂಚಿನ ಮೇಲೆ ಅಂಕಲ್ ಷರಟು ನೆನೆದು ಮೈಗೆ ಅಂಟಿತ್ತು, ಕಣ್ಣು ಎಲ್ಲೋ ಇತ್ತು. ಪಕ್ಕದ ಜ್ಯೂಸ್ ಅಂಗಡಿಗೆ ಹಾರಿದೆ.

"ಅಣ್ಣ, ಮೋಸಂಬಿ ಜ್ಯೂಸು, ಸಕ್ಕರೆ ಜಾಸ್ತಿ!"

"ಎಷ್ಟಮ್ಮ?"

"ಸುರೀರಿ ಅಣ್ಣ, ಕೇಳ್ಬೇಡಿ!"

ಲೋಟ ನೋಡಿ ಅಂಕಲ್ ಮುಖ ತಿರುಗಿಸಿದರು. ಮಾತು ತೊದಲುತ್ತಿತ್ತು, ಗತ್ತು ಮಾತ್ರ ಹಾಗೇ ಇತ್ತು. "ನಂಗೆ ಶುಗರ್ ಇದೆ. ಸಕ್ಕರೆ ಕೊಡ್ತೀಯಾ? ಓದಿದ್ದೀಯೋ ಇಲ್ವೋ?"

"ಓದಿದ್ದಕ್ಕೇ ಕೊಡ್ತಿರೋದು ಅಂಕಲ್. ಕುಡೀರಿ!"

ಗುಟುಕು ಗುಟುಕಾಗಿ ಕುಡಿದರು. ನಡುಕ ಇಳಿಯಿತು. ಲೋಟ ಖಾಲಿಯಾಗಿ ಸ್ವಲ್ಪ ಹೊತ್ತಿಗೆ, ನನ್ನ ಹಿಂದೆಯೇ ಓಡಿಬಂದಿದ್ದ ಹೆಂಡತಿಯ ಕಡೆ ತಿರುಗಿ, "ಯಾಕೇ ಅಳ್ತೀಯ?" ಎಂದು ಗದರಿದರು. ಅಷ್ಟು ಚೆಂದದ ಗದರಿಕೆ ನಾನು ಇನ್ನೊಂದು ಕೇಳಿಲ್ಲ.

ಮತ್ತೆ ಇಳಿಯಬಹುದು, ಈಗಲೇ ಕರೆತನ್ನಿ, ಎರಡೂ ಮಾತ್ರೆ ಜೊತೆಗಿರಲಿ ಎಂದು ಹಳೆಯ ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಆಟೋದಲ್ಲಿ ನಾನೂ ಹೋದೆ. ಸಂಜೆವರೆಗೆ ಕ್ಲಿನಿಕ್ಕಿನಲ್ಲೇ ಮಲಗಿಸಿಕೊಂಡು ನೋಡಿದರು, ಜಯನಗರದ ಡಾಕ್ಟರಿಗೆ ತಾವೇ ಫೋನ್ ಮಾಡಿದರು, ಒಂದೇ ಚೀಟಿ ಬರೆದರು.

ಮುಂದಿನ ವಾರ ಅಂಕಲ್ ಬೆಂಚಿಗೆ ಹೋಗದೆ ನೇರ ಕೌಂಟರಿಗೆ ಬಂದರು.

"ಡಾಕ್ಟ್ರು ಬೇಜಾರ್ ಮಾಡ್ಕೊಂಡ್ರಾ ಅಂಕಲ್?"

"ಮಾಡ್ಕೊಂಡ್ರಮ್ಮ. 'ಬೇರೆಯವರಿಗೆ ತೋರಿಸಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ನನ್ನ ಬೇಜಾರು ನೋಡೋಕೆ ನೀವು ಉಳೀಬೇಕಲ್ರೀ' ಅಂದ್ರು."

ಯಜಮಾನರು ಅಭ್ಯಾಸಬಲದಿಂದ ಕತ್ತರಿ ತೆಗೆದರು. ಸ್ಟ್ರಿಪ್ ನೋಡಿದರು, ನನ್ನನ್ನು ನೋಡಿದರು, ಕತ್ತರಿಯನ್ನು ನನ್ನ ಕಡೆ ತಳ್ಳಿದರು.

"ನೀವೇ ಕೊಡಿ ಮೇಡಂ."

ಕತ್ತರಿಸಿದೆ. ಕವರಿನ ಮೇಲೆ ಔಷಧದ ಹೆಸರನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಅಂಕಲ್ ಕೈಗೇ ಕೊಟ್ಟೆ.