ಆಗ್ಲಿ ಅಕ್ಕ ಕೋಚ್ ಆರಿಸಿದ್ದು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಮೇಲ್ವಿಚಾರಕಿಯಾದ ಮೇಲೆ ಆಕೆಗೆ ‘ಆಗ್ಲಿ ಅಕ್ಕ’ ಎಂದು ಹೆಸರು ಬಿತ್ತು. ಯಾರು ರಜೆ ಕೇಳಿದರೂ ಆಕೆಯ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು. ಅಲ್ಲೇ ಕೆಲಸಕ್ಕಿದ್ದ ನಾದಿನಿಗಂತೂ ಪ್ರತಿ ಶುಕ್ರವಾರ ಊಟವಾದ ಕೂಡಲೇ ತಲೆನೋವು. ಹೋದವರ ಪಾಲಿನ ಇಸ್ತ್ರಿಯನ್ನೆಲ್ಲ ಅಕ್ಕನೇ ಮಾಡಿ, ಸೊಂಟ ಹಿಡಿದುಕೊಂಡು ಮನೆ ಸೇರುತ್ತಿದ್ದಳು. ವಾರ್ಡುಗಳಿಗೆ ಬೆಡ್‌ಶೀಟು ತಡವಾಗತೊಡಗಿತು.

ಮ್ಯಾನೇಜರು ಕರೆಸಿದರು. “ಈ ತಿಂಗಳೊಳಗೆ ‘ಆಗಲ್ಲ’ ಅನ್ನೋದನ್ನ ಕಲೀರಿ. ಇಲ್ಲಾಂದ್ರೆ ವಾಪಸ್ ಇಸ್ತ್ರಿ ಮೇಜಿಗೇ. ಅದನ್ನ ಕಲಿಸೋಕೆ ಮೂರು ಜನ ಕೋಚ್ ಬರ್ತಾರೆ, ಒಬ್ಬರನ್ನ ಆರಿಸ್ಕೊಳ್ಳಿ.”

ವರ್ಷಗಟ್ಟಲೆ ಕೈ ಸುಟ್ಟುಕೊಂಡು ಸಿಕ್ಕ ಕುರ್ಚಿ. ಅದನ್ನು ಬಿಡಲು ಅಕ್ಕನಿಗೆ ಮನಸ್ಸಿರಲಿಲ್ಲ.

ಮೊದಲನೆಯವರು ಪ್ರಶ್ನೆಯವರು. ಏನು ಕೇಳಿದರೂ “ನಿಮಗೇನನ್ನಿಸುತ್ತೆ?” ಎನ್ನುವರು. ಟಾಯ್ಲೆಟ್ ಎಲ್ಲಿ ಎಂದು ತಾವು ಕೇಳಿದಾಗ ಮಾತ್ರ ನೇರ ಉತ್ತರ ಬೇಕು. ಎರಡನೆಯವರು ನಿವೃತ್ತ ಕವಾಯತು ಮೇಷ್ಟ್ರು. ಅವರು ಕನ್ನಡಿ ಮುಂದೆ ನಿಲ್ಲಿಸಿ “ಆಗಲ್ಲ ಅನ್ರೀ, ಜೋರಾಗಿ!” ಎಂದು ಗದರಿದರೆ, ಅಕ್ಕ ಮೆಲ್ಲಗೆ “ಆಗ್ಲಿ ಸರ್” ಎನ್ನುವಳು. ಮೂರನೆಯಾಕೆ ಚಪ್ಪಾಳೆಯವಳು, ಅಕ್ಕ ಕುರ್ಚಿ ಎಳೆದು ಕೂತರೂ “ಅದ್ಭುತ!”

“ನನ್ನನ್ನೇ ಇಟ್ಕೊಳ್ತೀರಲ್ವಾ?” ಎಂದು ಮೂವರೂ ಕೇಳಿದರು. ಅಕ್ಕ ಮೂವರಿಗೂ ಆಗ್ಲಿ ಎಂದಳು. ಮೂವರೂ ಶುಕ್ರವಾರವೇ ಬರುತ್ತೇವೆ ಎಂದರು. ಅದಕ್ಕೂ ಆಗ್ಲಿ.

ಶುಕ್ರವಾರ ಅರ್ಧ ಜನ ರಜೆ, ವಾರ್ಡುಗಳಿಂದ ಫೋನಿನ ಮೇಲೆ ಫೋನು. ಬಟ್ಟೆಯ ಗುಡ್ಡೆ ಮುಂದೆ ನಿಂತು ಕೋಚುಗಳು ತಮ್ಮ ತಮ್ಮ ಪದ್ಧತಿಯೇ ಸರಿ ಎಂದು ಕಿತ್ತಾಡತೊಡಗಿದರು. ಬೆಡ್‌ಶೀಟು ಮಡಚಲು ಇಬ್ಬರು ಬೇಕು. ಅಕ್ಕ ಒಂದು ತುದಿಯನ್ನು ಪ್ರಶ್ನೆಯವರ ಕೈಗೆ ತುರುಕಿದಳು.

“ಇದನ್ನ ಹೇಗೆ ಮಡಚೋದು?” ಎಂದು ಅವರು ಕೇಳಿದರು.

“ನಿಮಗೇನನ್ನಿಸುತ್ತೆ?” ಎಂದಳು ಅಕ್ಕ.

ಉಳಿದಿಬ್ಬರ ಕೈಗೂ ಒಂದು ಬೆಡ್‌ಶೀಟು ಬಂತು. ಚಪ್ಪಾಳೆಯವಳಿಗೆ ಕೈ ಬಿಡುವಾಗಲೇ ಇಲ್ಲ. ಬೆವರೊರೆಸಿಕೊಳ್ಳುತ್ತ ಮೇಷ್ಟ್ರು ಕೇಳಿದರು, “ನಮ್ಮ ಟೈಮ್ ಮುಗೀತಮ್ಮ, ಹೊರಡ್ಲಾ?”

“ಆಗಲ್ಲ. ದಿಂಬಿನ ಕವರ್ ಬಾಕಿ ಇದೆ.”

ಹೇಳಿದ ಮೇಲೆ ಅಕ್ಕನಿಗೇ ಗಾಬರಿಯಾಯಿತು. ಆದರೆ ಆಕಾಶವೇನೂ ಕಳಚಿ ಬೀಳಲಿಲ್ಲ. ಮೇಷ್ಟ್ರು ತೆಪ್ಪಗೆ ಕವರ್ ಎತ್ತಿಕೊಂಡರು. ಅಷ್ಟರಲ್ಲಿ ನಾದಿನಿ ಹಣೆ ಒತ್ತಿಕೊಳ್ಳುತ್ತ ಬಂದಳು.

“ಅತ್ತಿಗೆ, ತಲೆ...”

“ಆಗಲ್ಲ ಕಣೇ. ಮಾತ್ರೆ ತಗೊಂಡು ಬಾ.”

ನಾದಿನಿ ಮಾತ್ರೆಯನ್ನೂ ತೆಗೆದುಕೊಳ್ಳದೆ ಇಸ್ತ್ರಿ ಪೆಟ್ಟಿಗೆ ಹಿಡಿದಳು. ಅಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು.

ಸಂಜೆ ಮ್ಯಾನೇಜರು ಬಂದು ಕೇಳಿದರು, “ಕೊನೆಗೆ ಯಾರನ್ನ ಆರಿಸಿದ್ರಿ?”

“ಮೇಷ್ಟ್ರನ್ನ ಸರ್,” ಎಂದಳು ಅಕ್ಕ. “ಅವರು ಮಡಚಿದ್ರೆ ಬೆಡ್‌ಶೀಟು ನೆಟ್ಟಗೆ ಬರುತ್ತೆ.”